ಅಕ್ಕ ಹೊರಟುಹೋದಳೆಂದ ಮೂರು ಚಿತ್ರಗಳು

"ಗೃಹಪ್ರವೇಶದ ದಿನ, ಮನೆಯಲ್ಲಿ ತನಗೆ ಪಾಲಿಲ್ಲವೆಂದು ತಿಳಿದು, ಫೋಟೋ ತೆಗೆಯುತ್ತಿದ್ದಂತೆಯೇ ಅಕ್ಕ ಮುನಿಸಿಕೊಂಡು ಹೊರಟುಹೋದಳು." ನಮ್ಮ ಕುಟುಂಬದಲ್ಲಿ ಈಗ ಚಾಲ್ತಿಯಲ್ಲಿರುವ ಮಾತು ಇದು. ನಾನಿದನ್ನು ಒಪ್ಪುವುದಿಲ್ಲ. ಒಪ್ಪಿದ್ದ ಕಾಲವೂ ಒಂದಿತ್ತು, ಅದೂ ಆ ಫೋಟೋದಲ್ಲಿ ಸ್ವತಃ ನಿಂತಿದ್ದವನಾಗಿ. ಆದ್ದರಿಂದ ನನ್ನ ನೆನಪನ್ನು ಇಲ್ಲಿ ಸಾಕ್ಷಿಯೆಂದು ಮುಂದಿಡುತ್ತಿಲ್ಲ.

ಮಾತು ಹುಟ್ಟಿದ್ದು ಜೆ.ಪಿ. ನಗರದ ತಮ್ಮನ ಮನೆಯ ಗೋಡೆಯಲ್ಲಿ. ಇಟ್ಟಮಡುವಿನಲ್ಲಿ ನಾವು ಕಟ್ಟಿಸಿದ್ದ ಮನೆಯ ಗೃಹಪ್ರವೇಶದ ಮೂರು ಹಳೆಯ ಫೋಟೋಗಳನ್ನು ತಮ್ಮನ ಮಗಳು ಒಂದೇ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿ ತೂಗುಹಾಕಿದಳು. ಎಡಗಡೆಯದರಲ್ಲಿ ಬಾಗಿಲ ಮುಂದೆ ಅಮ್ಮ, ತಮ್ಮ, ನಾನು, ಅಕ್ಕ. ನಡುವಿನದರಲ್ಲಿ ಅಕ್ಕನ ಭುಜ ಮತ್ತು ಸೆರಗಿನ ತುದಿ ಮಾತ್ರ, ಅದೂ ಅಂಚಿನಲ್ಲಿ ಕದಡಿಹೋಗಿ. ಬಲಗಡೆಯದರಲ್ಲಿ ಅವಳೇ ಇಲ್ಲ. ಮನೆ ಗಂಡುಮಕ್ಕಳಿಬ್ಬರ ಹೆಸರಿಗೆ ಬಂದಿತ್ತು. ನೋಡಿದವರು ಕಾರಣವನ್ನು ತಾವೇ ಸೇರಿಸಿಕೊಂಡರು.

ಈ ಕ್ರಮವನ್ನು ಹೇಗೆ ಗೊತ್ತುಮಾಡಿದೆ ಎಂದು ತಮ್ಮನ ಮಗಳನ್ನು ಕೇಳಿದೆ.

"ಕ್ರಮ ಏನಿಲ್ಲ ದೊಡ್ಡಪ್ಪ, ಜಾಸ್ತಿ ಜನ ಇರೋದು ಫಸ್ಟ್ ಹಾಕ್ದೆ. ಮೂರಿದ್ರೇನೇ ಚೆಂದ. ಎರಡಾದ್ರೆ ಪಾಸ್‌ಪೋರ್ಟ್ ಫೋಟೋ ಥರ ಇರುತ್ತೆ."

ಚೆಂದವೇನೋ ಹೌದು, ನನ್ನ ಅನುಮಾನವಿರುವುದೇ ಆ ಚೆಂದದ ಮೇಲೆ. ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಹೋಲಿಸುತ್ತೇವೆ. ಮೂರನೆಯದು ಬಂದ ಕೂಡಲೇ ಕಣ್ಣು ಎಡದಿಂದ ಓದತೊಡಗುತ್ತದೆ, ಆರಂಭವನ್ನೂ ಅಂತ್ಯವನ್ನೂ ನಂಬಿಬಿಡುತ್ತದೆ. ಒಂದೊಂದೂ ಹೇಳದ ಸುಳ್ಳನ್ನು ಮೂರೂ ಸೇರಿ ಹೇಳಬಲ್ಲವು.

ಗೊಟ್ಟಿಗೆರೆಯಲ್ಲಿರುವ ಅಕ್ಕ ಒಮ್ಮೆ ಆ ಗೋಡೆಯನ್ನು ನೋಡಿ ಹೋದವಳು ಮತ್ತೆ ತಮ್ಮನ ಹೊಸಿಲು ತುಳಿದಿಲ್ಲ. ಈಗ ತಮ್ಮನ ಮಗಳ ಮಗುವಿಗೆ ಅಲ್ಲೇ ನಾಮಕರಣ. ಕರೆಯಲು ಹೋದ ನನಗೆ ಅಕ್ಕ ಹೇಳಿದಳು:

"ಓಡಿ ಬಂದೋಳು ಕಣೋ ನಾನು. ಹೊಂಟೋದೋಳು ಅಂತ ಗೋಡೆಗೆ ನೇತಾಕವ್ರೆ. ಅದರ ಕೆಳಗೆ ಕೂತು ಊಟ ಮಾಡ್ಬೇಕಾ?"

ಅವಳು ಹೇಳುವ ಪ್ರಕಾರ ಮೊದಲು ನಿಂತವರು ಅಮ್ಮ, ತಮ್ಮ, ನಾನು, ಮೂವರೇ. ಅಪ್ಪ ತೀರಿಕೊಂಡಿದ್ದರು, ಅವಳು ಒಳಗೆ ಹಾಲು ಉಕ್ಕಿಸುತ್ತಿದ್ದಳು. ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ನಡುವಿನವರಿಗೆ ಕೇಡೆಂದು ನಮ್ಮಲ್ಲಿ ಅಂಜುತ್ತಾರೆ. ನಡುವೆ ನಿಂತಿದ್ದವನು ತಮ್ಮ. ಕ್ಯಾಮೆರಾ ಕ್ಲಿಕ್ಕೆಂದ ಮೇಲೆ ತಲೆ ಎಣಿಸಿದ ಅಮ್ಮ ಗಾಬರಿಯಿಂದ ಕೂಗಿದಳು. ಅಕ್ಕ ಒಲೆ ಬಿಟ್ಟು ಓಡಿ ಬಂದಳು.

ತಮ್ಮ ಇದನ್ನು ಕೇಳಿ ನಕ್ಕ. "ಅಕ್ಕ ಹೇಳ್ತಾಳೆ, ನೀನು ಕೇಳ್ತೀಯ. ಫೋಟೋ ಸುಳ್ಳೇಳುತ್ತೇನಣ್ಣ?"

ಅಕ್ಕನ ಮಾತನ್ನೂ ನಾನು ಸುಮ್ಮನೆ ನಂಬುವವನಲ್ಲ. ಜಯನಗರದ ಸ್ಟುಡಿಯೊ ಒಂದು ಆಗ ಕೊಟ್ಟಿದ್ದ ನೆಗೆಟಿವ್ ಲಕೋಟೆಗಾಗಿ ನನ್ನ ಪೆಟ್ಟಿಗೆಗಳನ್ನು ಎರಡು ದಿನ ತಡಕಾಡಿದೆ. ಪ್ರಿಂಟುಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು. ನೆಗೆಟಿವ್ ಹಾಗಲ್ಲ, ಮೂರೂ ಕತ್ತರಿಸದ ಒಂದೇ ಪಟ್ಟಿಯಲ್ಲಿದ್ದವು, ಅಂಚಿನಲ್ಲಿ ಫಿಲಂ ತಯಾರಿಸಿದವರೇ ಅಚ್ಚೊತ್ತಿದ, ತೆಗೆದ ಕ್ರಮವನ್ನು ತೋರಿಸುವ ಸಂಖ್ಯೆಗಳಿದ್ದವು. ಹದಿನಾಲ್ಕರಲ್ಲಿ ಮೂವರು. ಹದಿನೈದರಲ್ಲಿ ಭುಜ, ಸೆರಗು. ಹದಿನಾರರಲ್ಲಿ ನಾಲ್ವರು.

ತಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮಗಳು ಚೌಕಟ್ಟನ್ನು ಇಳಿಸಿ ಹಿಂಬದಿಯ ಮೊಳೆಗಳನ್ನು ಕೀಳತೊಡಗಿದಳು. ನಾಮಕರಣಕ್ಕೆ ಅಕ್ಕ ಬರುವಳೋ ಇಲ್ಲವೋ, ಹೇಳಲಾರೆ. ಪಟ್ಟಿ ತಮ್ಮನ ಮನೆಯ ಟೀವಿಯ ಕೆಳಗಿನ ಡ್ರಾಯರಿನಲ್ಲಿದೆ; ಅನುಮಾನವಿರುವವರು ಹಗಲಿನಲ್ಲಿ ಬಂದು ನೋಡಬಹುದು.