ಬಾಗಿಲ ಬಳಿಯ ಮಾತು

ಚಿಕ್ಕ ಡಾಕ್ಟ್ರಿಗೆ ಬಾರದ ಮಾತು ಒಂದೇ: ‘ಆಗಲ್ಲ’. ವರ್ಷಗಟ್ಟಲೆ ಓದಿಸಿ, ಮಂಡಿಯಿಂದ ಮಿದುಳಿನವರೆಗೆ ಎಲ್ಲವನ್ನೂ ಕಲಿಸಿದ ಮಹನೀಯರು ಆ ಮೂರಕ್ಷರವನ್ನು ಮಾತ್ರ ಕಲಿಸಿರಲಿಲ್ಲ. ಈ ಬೀದಿಯ ಕ್ಲಿನಿಕ್ಕಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಅಷ್ಟರಲ್ಲೇ ಅವಳ ಅನುಭವಕ್ಕೆ ಬಂದಿತ್ತು.

ಮೊದಲ ಗುದ್ದು ಕ್ಲಿನಿಕ್ಕಿನ ಯಜಮಾನರಾದ ದೊಡ್ಡ ಡಾಕ್ಟ್ರದು. ಕಾರ್ಖಾನೆಯ ಕೆಲಸಗಾರರ ತಪಾಸಣೆಯನ್ನು ಅವಳ ತಲೆಗೆ ಕಟ್ಟಿದರು. ಅಲ್ಲಿನ ಮೆಟ್ಟಿಲು ಹತ್ತಲು ಅವರ ಸೊಂಟ ಬಿಡುವುದಿಲ್ಲವಂತೆ. ಅದೇ ಸೊಂಟ ಭಾನುವಾರ ಟೆನಿಸ್ ಆಡಲು ಧಾರಾಳವಾಗಿ ಬಿಡುತ್ತಿತ್ತು. ಅದರ ಬೆನ್ನಿಗೆ ವೃದ್ಧಾಶ್ರಮ ಬಂತು, ಆಮೇಲೆ ಶಾಲೆ. ನಾನೂರು ಮಕ್ಕಳ ಎತ್ತರ ಅಳೆದು ಕೊಟ್ಟ ಪಟ್ಟಿಯನ್ನು ಶಾಲೆಯವರು ಎಲ್ಲೋ ಕಳೆದುಹಾಕಿ, ಇನ್ನೊಮ್ಮೆ ಅಳೆಯಿರಿ, ಹೇಗೂ ಅಷ್ಟರಲ್ಲಿ ಬೆಳೆದಿರ್ತಾರೆ ಎಂದರು. ಅವಳು ಒಳಗೊಳಗೇ ಮೈ ಪರಚಿಕೊಂಡು, ಹೊರಗೆ ನಕ್ಕು, ಹೋಗಿ ಅಳೆದಳು. ಮಗಳ ಮುಖ ಕಾಣದೆ ರೋಸಿಹೋದ ಅಮ್ಮ ಫೋನಿನಲ್ಲಿ, “ನಿನ್ನ ನೋಡ್ಬೇಕಂದ್ರೆ ನಾನೂ ಚೀಟಿ ಬರೆಸ್ಬೇಕೇನೇ?” ಎಂದು ಕೇಳಿದ್ದಳು.

ಎಲ್ಲಕ್ಕೂ ಮೇಲೆ ಬುಧವಾರದ ಪಾಠ. ಎರಡೂವರೆ ತಿಂಗಳ ಹಿಂದೆ ವೈದ್ಯಕೀಯ ಕಾಲೇಜಿನವರು ವಿದ್ಯಾರ್ಥಿಗಳಿಗೆ ‘ರೋಗಿಯ ಮಾತು ಕೇಳುವುದು ಹೇಗೆ’ ಎಂದು ವಾರಕ್ಕೊಮ್ಮೆ ಹೇಳಿಕೊಡಲು ಕರೆದಿದ್ದರು. ನಿಜ ಹೇಳಬೇಕೆಂದರೆ ಇದನ್ನು ಯಾರೂ ಅವಳ ತಲೆಗೆ ಕಟ್ಟಲಿಲ್ಲ, ಅವಳೇ ಕುಣಿದುಕೊಂಡು ಒಪ್ಪಿದಳು. ಆದರೆ ಪಾಠ ಹನ್ನೆರಡಕ್ಕೆ, ಕಾಲೇಜು ಊರಾಚೆ. ಹಾಗಾಗಿ ಬುಧವಾರ ಬೆಳಗಿನ ರೋಗಿಗಳೆಲ್ಲ ಎದ್ದೆನೋ ಬಿದ್ದೆನೋ ಎಂದು ಮುಗಿಯಬೇಕಿತ್ತು.

ಆ ಬುಧವಾರದ ಕೊನೆಯ ಚೀಟಿ ಬೀದಿ ಕೊನೆಯ ಅಂಗಡಿಯ ಟೈಲರಮ್ಮನದು. ಮಂಡಿ ನೋವು. ಎರಡೂವರೆ ತಿಂಗಳಲ್ಲಿ ಇದು ಮೂರನೇ ಸಲ, ಮೂರೂ ಸಲ ಬುಧವಾರವೇ. ಮಂಡಿ ಮಡಿಸಿ ನೋಡಿದರೆ ಊತವಿಲ್ಲ, ಬಿಗಿತವಿಲ್ಲ. ಅವಳು ಗಡಿಯಾರ ನೋಡಿ, ಮುಲಾಮು ಬರೆದು, ಚೀಲ ಹೆಗಲಿಗೇರಿಸಿ ಎದ್ದಳು. ತಾನೇ ಹೋಗಿ ಬಾಗಿಲು ತೆರೆದು ಹಿಡಿದಳು. ಟೈಲರಮ್ಮ ಕುರ್ಚಿಯ ಬೆನ್ನು ಹಿಡಿದು ಒಂದು ಗಳಿಗೆ ನಿಂತು, ಬರ್ತೀನಿ ಎಂದು ಹೊರಟುಹೋದಳು.

ಬಸ್ಸು ತಡವಾಗಿ, ಬೈದುಕೊಳ್ಳುತ್ತಲೇ ಕಾಲೇಜು ತಲುಪಿದ ಚಿಕ್ಕ ಡಾಕ್ಟ್ರು ಪಾಠ ಶುರುಮಾಡಿದಳು. ಅವಳಿಗೆ ಬಹಳ ಹೆಮ್ಮೆಯ ಮಾತೊಂದಿತ್ತು: ರೋಗಿ ಕೂತು ಹೇಳುವುದು ಬರೀ ನೆಪ, ನಿಜವಾದ ಕಾಯಿಲೆ ಹೊರಬರುವುದು ಎದ್ದು ಹೊರಟು ಬಾಗಿಲ ಮೇಲೆ ಕೈಯಿಟ್ಟಾಗ. ಆದ್ದರಿಂದ ರೋಗಿಗಿಂತ ಮೊದಲು ಡಾಕ್ಟರು ಎಂದೂ ಏಳಬಾರದು.

ಮುಂದಿನ ಸಾಲಿನ ಹುಡುಗಿ ಬರೆದುಕೊಳ್ಳುತ್ತ, ಇನ್ನೊಮ್ಮೆ ಹೇಳಿ ಎಂದಳು. ಚಿಕ್ಕ ಡಾಕ್ಟ್ರು ಹೇಳತೊಡಗಿದಳು. ಅರ್ಧದಲ್ಲಿ, ಕುರ್ಚಿಯ ಬೆನ್ನು ಹಿಡಿದು ನಿಂತ ಟೈಲರಮ್ಮ ಕಣ್ಣ ಮುಂದೆ ಬಂದಳು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಈ ಎರಡೂವರೆ ತಿಂಗಳು ಬುಧವಾರದ ರೋಗಿಗಳಿಗೆಲ್ಲ ಬಾಗಿಲು ತೆರೆದುಕೊಟ್ಟವಳು ಯಾರು? ಅದನ್ನು ಮರ್ಯಾದೆ ಎಂದು ಬೇರೆ ಅಂದುಕೊಂಡಿದ್ದಳು. ಮಂಡಿ ನೋವು ಎಂದು ಮೂರು ಸಲ ಬಂದವಳು ಒಮ್ಮೆಯಾದರೂ ಕುಂಟಿದ್ದಳೇ? ದಿನವಿಡೀ ಹೊಲಿಗೆ ಮೆಷಿನ್ ತುಳಿಯುತ್ತಾಳಲ್ಲ. ಚಿಕ್ಕ ಡಾಕ್ಟ್ರಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಾಠವನ್ನು ಅಲ್ಲಿಗೇ ಬಿಟ್ಟು ಹೊರಟಳು.

ಅಂಗಡಿಯಲ್ಲಿ ಟೈಲರಮ್ಮ ಒಬ್ಬಳೇ ಕೂತು ಅಂಚು ಹೊಲಿಯುತ್ತಿದ್ದಳು. ಚಿಕ್ಕ ಡಾಕ್ಟ್ರು ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತು, ಮಂಡಿ ಬಿಟ್ಟು ಬೇರೇನಾದರೂ ಇದೆಯೇ ಎಂದು ಕೇಳಿದಳು. ಟೈಲರಮ್ಮ ಅಂಚು ಮುಗಿಸಿ ದಾರ ಕತ್ತರಿಸಿದಳು.

“ಮೂರು ಸಲ ಹೇಳಕ್ಕೇ ಅಂತ ಬಂದೆ, ಡಾಕ್ಟ್ರಮ್ಮ. ಬಾಯಿ ತೆಗೆಯೋಷ್ಟರಲ್ಲಿ ನೀವೇ ಎದ್ದುಬಿಡ್ತಿದ್ರಿ. ಪಾಪ, ಅವಸರದಲ್ಲಿದಾರೆ, ಮುಂದಿನ ಸಲ ಹೇಳಿದ್ರಾಯ್ತು ಅಂತ ವಾಪಸ್ ಬಂದೆ.”

ಟೈಲರಮ್ಮ ಎದೆ ಮುಟ್ಟಿ ತೋರಿಸಿದಳು. ಇಬ್ಬರೂ ಅಳತೆ ತೆಗೆಯುವ ಮೂಲೆಯ ಪರದೆ ಎಳೆದು ಒಳಗೆ ಹೋದರು. ಎಡ ಮೊಲೆಯ ಕೆಳಭಾಗದಲ್ಲಿ ಗಂಟು ಬೆರಳಿಗೆ ತಕ್ಷಣ ಸಿಕ್ಕಿತು. ಗಟ್ಟಿಯಾಗಿತ್ತು, ಒತ್ತಿದರೆ ಅಲುಗಲಿಲ್ಲ. ಚಿಕ್ಕ ಡಾಕ್ಟ್ರು ಅಲ್ಲಿಂದಲೇ ದೊಡ್ಡಾಸ್ಪತ್ರೆಯ ಸರ್ಜನ್ನರಿಗೆ ಫೋನ್ ಮಾಡಿದಳು. ನಾಳೆ ಬೆಳಿಗ್ಗೆಯೇ ಕರೆತನ್ನಿ ಎಂದ ಅವರು, ಗಂಟು ಬೆಳೆಯುತ್ತಿದೆಯೇ ಎಂದು ವಿಚಾರಿಸಿದರು. ಅವಳಿಗೇನು ಗೊತ್ತು? ಟೈಲರಮ್ಮನತ್ತ ತಿರುಗಿ ಕೇಳಿದಳು.

“ಮೊದಲ್ನೇ ಸಲ ನಿಮ್ಮ ಹತ್ರ ಬಂದಾಗ ಶರ್ಟಿನ ಗುಂಡಿಯಷ್ಟಿತ್ತು,” ಎಂದಳು ಟೈಲರಮ್ಮ, ಕುಪ್ಪಸದ ಕೊಕ್ಕೆ ಹಾಕಿಕೊಳ್ಳುತ್ತ. “ಈಗ ಕೋಟಿನ ಗುಂಡಿ.”

ಅಳತೆಯಲ್ಲಿ ಆಕೆ ಎಂದೂ ತಪ್ಪಿದವಳಲ್ಲ.