ಒಂದು ದಿನಕ್ಕೆಂದು ಹೊಲಿದ ಗಾದಿ

ಬೆಟಗೇರಿಯ ಓಣಿಯಲ್ಲಿ ಇನ್ನೂ ನಸುಕು. ನಳಕ್ಕೆ ನೀರು ಬರುವ ದಿನವಾದ್ದರಿಂದ ಕೊಡಗಳ ಸದ್ದು ಮಾತ್ರ ಜೋರಾಗಿದೆ. ಅರ್ಧ ಬಾಗಿಲು ತೆರೆದ ಸಣ್ಣ ಅಂಗಡಿಯೊಂದರ ಮುಂದೆ ದಿಲಶಾದಬಿ ಮೊಣಕಾಲೂರಿ ಕುಳಿತಿದ್ದಾರೆ. ಅವರ ಬಲಗೈ ಒಂದು ಹಲಗೆಗೂ ಅದರ ಮೇಲಿನ ಮೆತ್ತೆಗೂ ನಡುವೆ ಹೊಕ್ಕಿದೆ. ಮೆತ್ತೆಯ ಮೇಲೆ ಶಿರಹಟ್ಟಿಯ ಹೊನ್ನೇಶ ಕುಳಿತಿದ್ದಾನೆ.

"ಚಾಚಿ, ಕೈ ತಕ್ಕೋರಿ. ಮುರದ್ರ ನಿಮ್ಮ ಸಾಹೇಬ್ರು ನನ್ನ ಸುಮ್ನ ಬಿಡಂಗಿಲ್ಲ."

"ಅಲ್ಲಾಡಬ್ಯಾಡಲೇ. ದಿನಾ ಮಿರ್ಚಿ ಭಜಿ ತಿಂದು ತೂಕ ಮಾಡ್ಕೊಂಡು ಬಂದಿ. ಚೂರು ಎಡಕ್ಕ ವಾಲು. ಹಾಂ, ಇಲ್ಲಿ ನೋಡು, ನಿನ್ನ ಎಲುಬು ನನ್ನ ಕೈಗೆ ಹತ್ತಾಕತ್ತೈತಿ. ಈ ಮೆತ್ತಿ ನಡಿಯಂಗಿಲ್ಲ."

"ನನಗೇನೂ ಹತ್ತಾಕತ್ತಿಲ್ಲಲ್ಲ!"

"ನಿನಗ ಹತ್ತಿದ್ರ ನಾ ಯಾಕ ಕೈ ಇಡ್ತಿದ್ದೆ?"

ಒಳಗಿನಿಂದ ಗಂಡ ಕರೀಮಸಾಬರ ದನಿ ಬರುತ್ತದೆ: "ಮುರೀಲಿ ಬಿಡೋ ಹೊನ್ನೇಶ. ಒಂದ ತಿಂಗಳ ಬೈಗಳ ತಪ್ಪತಾವು ನನಗ."

"ಬೈಯಾಕ ಕೈ ಯಾಕ ಬೇಕ್ರಿ? ಬಾಯಿ ಗಟ್ಟಿ ಐತಿ," ಎನ್ನುತ್ತ ದಿಲಶಾದಬಿ ಮೆತ್ತೆಯನ್ನು ಎಳೆದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗುತ್ತಾರೆ.

ಹೊನ್ನೇಶ ಶಿರಹಟ್ಟಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಟ್ರ್ಯಾಕ್ಟರಿನಿಂದ ಬಿದ್ದ ಮೇಲೆ ಅವನಿಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ದಿನವಿಡೀ ಕುಳಿತೇ ದುಡಿಯಬೇಕು. ಎಲ್ಲಿ ಒತ್ತುತ್ತಿದೆ ಎಂದು ಹೇಳಬೇಕಾದ ನೋವೇ ಮೈಯಲ್ಲಿಲ್ಲ. ಒತ್ತಿದ ಕಡೆ ಚರ್ಮ ಸತ್ತು ಹುಣ್ಣಾದರೆ ತಿಂಗಳುಗಟ್ಟಲೆ ಅಂಗಡಿ ಮುಚ್ಚಬೇಕು. ಅದಕ್ಕೇ ಮೂರು ಗಾಲಿಯ ಸ್ಕೂಟರಿನಲ್ಲಿ ಚಳಿಯಲ್ಲೇ ಹೊರಟು ಬಂದಿದ್ದಾನೆ.

"ಅನ್ನವ್ವಾರು ಹೆಂಗದಾರ ಚಾಚಿ?" ಎಂದು ಅವನು ಕೇಳಿದಾಗ ಬ್ಲೇಡು ನಿಲ್ಲುತ್ತದೆ.

"ಇವತ್ತ ಹೊಂಟೀನಿ. ಬೋರಲ ಮಲಗಿ ಕೆಲಸ ಮಾಡೂವಂಥ ಮೆತ್ತಿ ಹೊಲದೀನಿ. ಆಕಿ ಕೈಲೆ ಮತ್ತ ನೂಲಿನ ಕಂಡಿಕಿ ಸುತ್ತಾಕ ಆಗತೈತೋ ಇಲ್ಲೋ, ಇವತ್ತ ಗೊತ್ತಾಗತೈತಿ."

ಐವತ್ತರ ಹತ್ತಿರದ ದಿಲಶಾದಬಿಯ ತವರು ಲಕ್ಷ್ಮೇಶ್ವರ. ತಂದೆ ಹಿಂಜುವ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ, ಅರಳೆ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದವರು. ಕರೀಮಸಾಬರದು ಆಟೊ, ಬೈಕುಗಳ ಸೀಟು ಹೊಲಿಯುವ ಅಂಗಡಿ. ಅವರ ಕಣ್ಣು ಮಂಜಾದ ಮೇಲೆ ಸೂಜಿ ಹೆಂಡತಿಯ ಕೈಗೆ ಬಂತು. ಈಗ ಹೆಂಡತಿ ಹೊಲಿಯುತ್ತಾರೆ, ಗಂಡ ರೆಕ್ಸಿನ್ ಜಗ್ಗಿ ಹಿಡಿಯುತ್ತಾರೆ. ಸಂಸಾರ ಇವತ್ತಿಗೂ ನಡೆಯುವುದು ಆಟೊ ಸೀಟುಗಳಿಂದಲೇ. ಅಂಗಡಿಯ ಮೇಲಿನ ಫಲಕದಲ್ಲಿ ಇರುವುದೂ ಅಷ್ಟೆ.

ಇನ್ನೊಂದು ಕೆಲಸ ಗಂಟುಬಿದ್ದದ್ದು ಗದಗಿನಲ್ಲಿ ನಡೆದ ಅಂಗವಿಕಲರ ಶಿಬಿರದಲ್ಲಿ. ಗಾಲಿಕುರ್ಚಿಗಳ ಹರಿದ ಸೀಟು ಹೊಲಿಯಲು ಕರೆದಿದ್ದರು. ಅಲ್ಲಿದ್ದ ಅಫ್ರೀನ ಎಂಬ ಫಿಸಿಯೋಥೆರಪಿಸ್ಟ್, ಮೆತ್ತೆಯ ಕೆಳಗೆ ಅಂಗೈ ಇಟ್ಟು ಎಲುಬು ತಗಲುತ್ತದೆಯೇ ಎಂದು ನೋಡುವುದನ್ನು ಕಲಿಸಿದರು. "ನನ್ನ ಮಗಳ ವಯಸ್ಸಿನಾಕಿ, ಆದ್ರ ನನಗ ಉಸ್ತಾದ ಆಕಿ," ಎನ್ನುತ್ತಾರೆ ದಿಲಶಾದಬಿ. "ಮೆತ್ತಗಿರೂದೆಲ್ಲ ಚಲೋ ಅಲ್ಲ ಅಂದ್ಲು. ನನಗ ನಗಿ ಬಂತು. ಗಾದಿ ಹೊಲಿಯೋರ ಮನ್ಯಾಗ ಹುಟ್ಟೀನಿ, ಮೆತ್ತಗ ಮಾಡೂದ ನಮ್ಮ ಕಸಬು. ಆದ್ರ ಆಕಿ ಹೇಳಿದ್ದ ಖರೆ ಇತ್ತು. ಕೆಳಗ ಗಟ್ಟಿ ಇರಬೇಕು, ಎಲುಬಿನ ಜಾಗಾದಾಗ ತಗ್ಗ ಬಿಡಬೇಕು."

ಅಂದಿನಿಂದ ಜನ ಒಬ್ಬರಾದ ಮೇಲೊಬ್ಬರು ಹುಡುಕಿಕೊಂಡು ಬರುತ್ತಿದ್ದಾರೆ. ವಾರಕ್ಕೆ ಎರಡೋ ಮೂರೋ ಮೆತ್ತೆ. ಮೆತ್ತೆಯ ಜೊತೆಗೆ ಬೇರೆ ಬೇಡಿಕೆಗಳೂ ಇರುತ್ತವೆ. ಡಂಬಳದ ಫಕೀರೇಶ ಎಂಬ ಹಿರಿಯರಿಗೆ ಬೆರಳು ಮಡಚುವುದಿಲ್ಲ, ಅವರ ಚಮಚದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿಕೊಟ್ಟಿದ್ದಾರೆ. ಕೊರ್ಲಹಳ್ಳಿಯ ಮೋತಿಬಿಗೆ ಪಾಯಖಾನೆಯಲ್ಲಿಡಲು ಪ್ಲಾಸ್ಟಿಕ್ ಕುರ್ಚಿಯೊಂದನ್ನು ನಡುವೆ ಕತ್ತರಿಸಿ, ಅಂಚಿಗೆ ಮೆತ್ತೆ ಕಟ್ಟಿಕೊಟ್ಟರು. "ಎಷ್ಟೋ ವರ್ಷದ ಮ್ಯಾಲ ಬಾಗಲಾ ಹಾಕ್ಕೊಂಡು ಒಬ್ಬಾಕೀನ ಕುಂತೆ ಅಂತ ಫೋನ್ ಮಾಡಿ ನಕ್ಕಿದ್ದ ನಕ್ಕಿದ್ದು, ಮೋತಿಬಿ," ಎಂದು ನೆನೆಸಿಕೊಳ್ಳುತ್ತಾರೆ. ಆದರೆ ಇಂಥ ಕುರ್ಚಿ ತಮ್ಮ ಮನೆಯಲ್ಲಿದೆ ಎಂದು ಯಾರೂ ನಾಲ್ಕು ಜನರ ಮುಂದೆ ಹೇಳುವುದಿಲ್ಲ. ಹಾಗಾಗಿ ಮಾಡಿದವರ ಹೆಸರೂ ಹೊರಗೆ ಬರುವುದಿಲ್ಲ.

ಅದಕ್ಕೆ ದಿಲಶಾದಬಿಗೆ ಬೇಸರವಿಲ್ಲ. ಅವರ ಬೇಸರ ಬೇರೆಯದೇ. ಅದು ಮೂರು ತಿರುವು ಆಚೆ, ಅನ್ನವ್ವನವರ ಮನೆಯಲ್ಲಿದೆ.

ಅನ್ನವ್ವ ನೇಕಾರರು. ಮದುವೆಯಾಗಿ ಬಂದಾಗಿನಿಂದ ನಡುಮನೆಯ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಮೂರು ವರ್ಷದ ಹಿಂದೆ ನಳದ ಕಟ್ಟೆಯ ಮೇಲೆ ಜಾರಿ ಬಿದ್ದು ಬೆನ್ನೆಲುಬು ಮುರಿಯಿತು. ಕಾಲು ಹೋದವು. ಮಗ್ಗಕ್ಕೆ ಸೊಸೆ ರೋಹಿಣಿ ಇಳಿದರು. ಅನ್ನವ್ವನಿಗೆ ಉಳಿದದ್ದು ಒಂದೇ ಆಸೆ: ಮಗ್ಗದ ಪಕ್ಕದಲ್ಲಿ ಕುಳಿತು, ರಾಟೆ ತಿರುವಿ, ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆಗಳನ್ನು ಸೊಸೆಗೆ ಸುತ್ತಿಕೊಡುವುದು. ಅದಕ್ಕೆ ಕಾಲು ಬೇಡ, ಎರಡು ಕೈ ಸಾಕು.

ಆದರೆ ಸಿಕ್ಕ ಗಾಲಿಕುರ್ಚಿ ಎತ್ತರದ್ದು, ನೇಕಾರರ ಮನೆಯ ಬದುಕು ನೆಲದ ಮಟ್ಟದ್ದು. ಮಗ್ಗ ನೆಲದೊಳಗೆ, ರಾಟೆ ನೆಲದ ಮೇಲೆ, ಊಟವೂ ನೆಲದ ಮೇಲೆ. "ನನ್ನ ಮನ್ಯಾಗ ನಾನ ಬೀಗತಿ ಹಂಗ ಕುಂತೀನಲ್ಲವಾ," ಎಂದು ಅನ್ನವ್ವ ದಿಲಶಾದಬಿಯ ಮುಂದೆ ಹೇಳಿಕೊಂಡರಂತೆ. ಆಗ ತಯಾರಾದದ್ದು ಗಾಲಿ ಮಣೆ. ನಾಲ್ಕು ಬೆರಳೆತ್ತರದ ಹಲಗೆ, ಕೆಳಗೆ ಪುಟ್ಟ ಗಾಲಿಗಳು, ಬೆನ್ನಿಗೆ ಒರಗು, ಮೇಲೆ ತಗ್ಗು ಬಿಟ್ಟು ಹೊಲಿದ ಗಟ್ಟಿ ಮೆತ್ತೆ. ಆ ಚಳಿಗಾಲವಿಡೀ ಅನ್ನವ್ವ ಮನೆಯಲ್ಲೆಲ್ಲ ಓಡಾಡಿದರು. ಒಲೆಯ ಹತ್ತಿರ ಹೋಗಿ ಸಾರಿಗೆ ಉಪ್ಪು ನೋಡಿದರು. ಕಂಡಿಕೆ ಸುತ್ತಿದರು.

"ಜಲ್ದಿ ನೇಯವಾ, ನನ್ನ ಬುಟ್ಟಿ ತುಂಬಿ ಚೆಲ್ಲಾಕತ್ತೇತಿ ಅಂತ ನನ್ನ ಕಾಡಸ್ತಿದ್ರು," ಎನ್ನುತ್ತಾರೆ ರೋಹಿಣಿ.

ಮಗ ಸುನಿಲಕುಮಾರನಿಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. "ಟೇಶನ್ನಿನಾಗ ಭಿಕ್ಷಾ ಬೇಡೋರು ಹಿಂಗ ಹಲಗಿ ಮ್ಯಾಲ ತೆವಳತಿರತಾರ್ರಿ. ನಮ್ಮವ್ವನ್ನ ಹಂಗ ನೋಡಿದ್ರ ನನಗ ತುತ್ತು ಇಳೀತಿರಲಿಲ್ಲ," ಎಂದು ಅವರು ಈಗ ತಲೆ ತಗ್ಗಿಸಿ ಹೇಳುತ್ತಾರೆ. ಕೆಟ್ಟ ಮಗನಲ್ಲ. ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುವ ಮುನ್ನ ತಾಯಿಯನ್ನು ಎತ್ತಿ ಬಚ್ಚಲಿಗೆ ಒಯ್ಯುವವರು ಅವರೇ.

ಬೇಸಿಗೆಯಲ್ಲಿ ಅನ್ನವ್ವನ ಮೊಮ್ಮಗಳನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನವರು ಬರುವುದೆಂದಾಯಿತು. ಸುನಿಲಕುಮಾರ ಅಂಗಡಿಗೆ ಬಂದರು.

"ಚಾಚಿ, ಅವ್ವನ ಗಾಲಿಕುರ್ಚಿಗೆ ಒಂದ ಗಾದಿ ಬೇಕು. ಮಖಮಲ್ಲಿಂದು. ಮದುಮಗನ ಗಾದಿ ಇರತೈತಲ್ಲ, ಹಂಗ."

"ಅದರ ಮ್ಯಾಲ ಅನ್ನಕ್ಕ ಭಾಳ ಹೊತ್ತ ಕುಂಡ್ರಾಕ ಬರಂಗಿಲ್ಲಪಾ. ಅರಳಿ ಗಡ್ಡಿ ಕಟ್ಟತೈತಿ."

"ಒಂದ ದಿನಕ್ಕ ಅಷ್ಟ, ಚಾಚಿ. ಮಂದಿ ಮುಂದ ನಮ್ಮವ್ವ ರಾಣಿಗತೆ ಕುಂಡ್ರಲಿ."

"ಒಂದ ದಿನಕ್ಕ ಅಂದ್ರ ಒಲ್ಲೆ ಅಂತ ಹೆಂಗನ್ನೂದ್ರಿ?" ದಿಲಶಾದಬಿ ಈ ಮಾತಿಗೆ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಕೆಳಗಿಡುತ್ತಾರೆ. "ಹೊಸ ಅರಳಿ ತುಂಬಿದೆ. ನಡುವ ಅರಿವಿ ಗುಂಡಿ ಇಟ್ಟು ದಾರ ಜಗ್ಗಿ ಹೊಲದೆ. ಗುಂಡಿ ಇಲ್ಲದ ಗಾದಿಗೆ ಕಳಾ ಇರಂಗಿಲ್ಲ ಅಂತ ನಮ್ಮಪ್ಪ ಕಲಿಸಿದ್ದು. ಭಾಳ ಚಂದ ಆಗಿತ್ರಿ. ನಾನ ನಿಂತ ನೋಡಿದೆ."

ಬಂದವರು ಮೆಚ್ಚಿದರು. ಅತ್ತೆಯನ್ನು ಎಷ್ಟು ಮರ್ಯಾದೆಯಿಂದ ಇಟ್ಟಿದ್ದಾರೆ, ಇಂಥ ಮನೆಯ ಹುಡುಗಿಯೇ ಬೇಕು ಎಂದರು. ಮದುವೆಯ ಮಾತು ಗಟ್ಟಿಯಾಯಿತು. ಆದರೆ ಒಮ್ಮೆ ಬಂದವರು ಮತ್ತೆ ಬರುವವರೇ. ಸೀರೆ ತೋರಿಸಲು, ದಿನ ಗೊತ್ತು ಮಾಡಲು, ಸುಮ್ಮನೆ ಚಹಾಕ್ಕೆ. ಹಾಗೆ ಬಂದಾಗ ಅನ್ನವ್ವ ನೆಲದ ಮೇಲೆ ಕಂಡರೆ ಹೇಗೆ? ಸುನಿಲಕುಮಾರ ಗಾಲಿ ಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

"ನಾನೂ ಇರಲಿ ಬಿಡು ಅಂದೆ," ಎನ್ನುತ್ತಾರೆ ಅನ್ನವ್ವ. "ಹುಡುಗಿ ಮದುವಿ ಆಗಲಿ, ಆಮ್ಯಾಲ ಇಳಿಸಿದ್ರಾತು ಅಂದ್ಕೊಂಡೆ."

ಮದುವೆ ಕಾರ್ತಿಕದಲ್ಲಿ ಆಯಿತು. ಮಣೆ ಕೆಳಗಿಳಿಯಲಿಲ್ಲ. ಮಖಮಲ್ಲಿನ ಗಾದಿಯ ಮೇಲೆ ಅನ್ನವ್ವ ಬೆಳಗಿನಿಂದ ಸಂಜೆಯವರೆಗೆ ಕುಳಿತರು, ಎಲ್ಲರಿಗೂ ಕಾಣುವ ಹಾಗೆ. ರೋಹಿಣಿ ಒಂದೊಂದು ಕಂಡಿಕೆ ತೀರಿದಾಗಲೂ ಕುಣಿಯಿಂದ ಎದ್ದು ಬಂದು ತಾವೇ ಸುತ್ತಿಕೊಂಡರು. ನಡುವೆ ಒಮ್ಮೆ ಸಂತೆಯಲ್ಲಿ ದಿಲಶಾದಬಿ ಸಿಕ್ಕಿ, "ಗಾಲಿ ಮಣಿ ಹೆಂಗೈತಿ?" ಎಂದು ಕೇಳಿದಾಗ, "ಚಲೋ ಐತ್ರಿ ಚಾಚಿ," ಎಂದಿದ್ದರು. ಇನ್ನೇನು ಹೇಳಿಯಾರು?

ಒಂದು ದಿನ ಮೈ ತೊಳೆಯುವಾಗ ರೋಹಿಣಿಗೆ ಗಾಯ ಕಂಡಿತು. ಕುಳಿತುಕೊಳ್ಳುವ ಜಾಗದಲ್ಲಿ, ಹೊರಗೆ ಸಣ್ಣದು, ಒಳಗೆ ಎಲುಬಿನ ತನಕ ಹೋಗಿದ್ದು. ಅನ್ನವ್ವನಿಗೆ ಗೊತ್ತೇ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದರು. ಖಬರ್ ತಿಳಿದು ದಿಲಶಾದಬಿ ಹೋದದ್ದು ಅವರು ಮನೆಗೆ ಬಂದ ಮೇಲೆ. ಮೂಲೆಯಲ್ಲಿದ್ದ ಗಾದಿಯನ್ನು ತಿರುವಿ ನೋಡಿದರು. ಅರಳೆ ಚಪ್ಪಟೆಯಾಗಿ ಗಡ್ಡೆಗಟ್ಟಿತ್ತು. ಗುಂಡಿ ಒತ್ತುತ್ತಿದ್ದ ಕಡೆಯೇ ಗಾಯವಾಗಿತ್ತು.

ಅಲ್ಲಿಯೇ ಕುಳಿತು ಅದನ್ನು ಬಿಚ್ಚಿ ಹಾಕಿದರಂತೆ. ಅಂದಿನಿಂದ ಅವರು ಯಾವ ಗಾದಿಗೂ ಗುಂಡಿ ಹಾಕುವುದಿಲ್ಲ, ಮದುವೆಯ ಗಾದಿಗೂ. ಗಿರಾಕಿಗಳು ಗೊಣಗಿ ಬೇರೆ ಕಡೆ ಹೋಗುತ್ತಾರೆ.

"ಸುನಿಲಗ ನಾ ಏನೂ ಅನ್ನಂಗಿಲ್ರಿ. ಆಂವ ಅವ್ವನ ಮರ್ಯಾದಿ ನೋಡಿದ. ನಾ ಗಿರಾಕಿ ಮಾತ ನೋಡಿದೆ. ನಿನಗ ಎಲ್ಲಿ ಕುಂಡ್ರಬೇಕಂತ ಐತಿ ಅಂತ ಆಕೀನ ಇಬ್ಬರೂ ಕೇಳಲಿಲ್ಲ. ಅದ ಓಣ್ಯಾಗ ದಿನಾ ಹಾದು ಹೋಗತಿದ್ದೆ. ಒಂದ್ಸಲ ಒಳಗ ಇಣಿಕಿದ್ರ ಆಗತಿತ್ತು."

ಹೊನ್ನೇಶನನ್ನು ಕಳಿಸಿ, ಬಿಸಿಲು ಏರುವ ಹೊತ್ತಿಗೆ ದಿಲಶಾದಬಿ ಹೊಸ ಮೆತ್ತೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡು ಹೊರಡುತ್ತಾರೆ. ಒಂದು ಕಡೆ ಗೇಣೆತ್ತರ, ಇನ್ನೊಂದು ಕಡೆಗೆ ಇಳಿಜಾರು. ಎದೆಯ ಕೆಳಗಿಟ್ಟರೆ ಬೋರಲು ಮಲಗಿದವರ ತಲೆ ಮೇಲೆ ಬರುತ್ತದೆ, ಕೈಗಳು ಬಿಡುವಾಗುತ್ತವೆ. ಗಾಯ ಮಾಯುತ್ತಿದೆ, ಸ್ವಲ್ಪ ಸ್ವಲ್ಪ ಹೊತ್ತು ಹೀಗೆ ಮಾಡಿ ನೋಡಬಹುದು ಎಂದು ವೈದ್ಯರು ಹೇಳಿದ್ದಾರೆ. ಅನ್ನವ್ವ ಮತ್ತೆ ಎಂದು ಕೂರಬಹುದು ಎಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ಮಗ್ಗದ ಪಕ್ಕದಲ್ಲೇ ಹಾಸಿಗೆ. ಅನ್ನವ್ವ ಕೆನ್ನೆಯನ್ನು ನೆಲಕ್ಕೆ ಕೊಟ್ಟು ಮಲಗಿದ್ದಾರೆ.

"ಬಾರವಾ ದಿಲಶಾದಿ. ಹಲ್ಲಿ ಹಂಗ ನೆಲಕ್ಕ ಹತ್ತೀನಿ ನೋಡು."

"ಹಲ್ಲಿ ಆಗೊಮ್ಮೆ ಈಗೊಮ್ಮೆ ಲೊಚಗುಟ್ಟತೈತಿ, ಅನ್ನಕ್ಕ. ನೀವು ಬಾಯಿ ಮುಚ್ಚೂದ ಇಲ್ಲ."

ಸುನಿಲಕುಮಾರ ತಾಯಿಯನ್ನು ಮೆಲ್ಲಗೆ ಎತ್ತುತ್ತಾರೆ, ದಿಲಶಾದಬಿ ಮೆತ್ತೆ ಸರಿಸುತ್ತಾರೆ. ಕುತ್ತಿಗೆ ನೋಯುತ್ತದೆ ಎನ್ನುತ್ತಾರೆ ಅನ್ನವ್ವ. ಮೆತ್ತೆಯನ್ನು ಹೊರಗೆಳೆದು, ಫೋಮು ಎರಡು ಬೆರಳಷ್ಟು ಕತ್ತರಿಸಿ, ಮತ್ತೆ ಇಡುತ್ತಾರೆ. ಈಗ ಸರಿ. ರೋಹಿಣಿ ರಾಟೆಯನ್ನು ಕೈಗೆ ಸಿಗುವ ಹಾಗೆ ತಂದಿಡುತ್ತಾರೆ. ಅನ್ನವ್ವನ ಬಲಗೈ ರಾಟೆ ತಿರುವುತ್ತದೆ, ಎಡಗೈ ಬೆರಳ ಸಂದಿಯಲ್ಲಿ ಕೆಂಪು ನೂಲು ಹರಿಯುತ್ತದೆ. ನಡುವೆ ತುಂಡಾಗುತ್ತದೆ. ಗಂಟು ಹಾಕಿ ಮತ್ತೆ ತಿರುವುತ್ತಾರೆ. ಹಣೆಯ ಮೇಲೆ ಬೆವರು. ಕಡೆಗೊಂದು ಕಂಡಿಕೆ ತುಂಬುತ್ತದೆ.

"ಭಾಳ ಚಲೋ ಆಗೇತವ್ವಾ," ಎನ್ನುತ್ತಾರೆ ಸುನಿಲಕುಮಾರ, ಕಂಡಿಕೆಯ ಕಡೆ ನೋಡದೆಯೇ.

ರೋಹಿಣಿ ಕುಣಿಯೊಳಗೆ ಕುಳಿತು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. "ಸಡ್ಲ ಆಗೇತ್ರಿ ಅತ್ತಿ. ಲಾಳ್ಯಾಗ ಜಾರತೈತಿ."

"ಏ, ಇರಲಿ ಬಿಡ," ಎಂದು ಗಂಡ ಗದರುತ್ತಾರೆ.

"ನೀ ಸುಮ್ನಿರಪಾ. ನೇಯಾಕಿ ಆಕಿ, ಆಕೀಗಿ ಗೊತ್ತೈತಿ. ತಾರವಾ ಇಲ್ಲಿ. ಬಿಚ್ಚಿ ಸುತ್ತತೀನಿ."

ಎರಡನೆಯ ಸಲ ಬಿಗಿಯಾಗಿ ಬರುತ್ತದೆ. ರೋಹಿಣಿ ಅದನ್ನು ಲಾಳಿಗೆ ಹಾಕಿ ಮಗ್ಗ ತುಳಿಯುತ್ತಾರೆ. ಅನ್ನವ್ವ ಇನ್ನೊಂದು ಕಂಡಿಕೆಗೆ ಕೈ ಚಾಚುತ್ತಾರೆ. ಆದರೆ ತೋಳು ಸೋತಿದೆ. ಮೆತ್ತೆಗೆ ಮುಖವಿಟ್ಟು ಕಣ್ಣು ಮುಚ್ಚುತ್ತಾರೆ.

"ಕುಂತ ಸುತ್ತೂದ ಬ್ಯಾರೇನ ಇತ್ತು," ಎಂದು ದಿಲಶಾದಬಿ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಹೇಳುತ್ತಾರೆ. "ಮನಿ ತುಂಬ ತಿರುಗ್ಯಾಡಾಕಿ. ಅದನ್ನ ತಿರುಗಿ ತಂದು ಕೊಡಾಕ ನನ್ನ ಕೈಲೆ ಆಗಂಗಿಲ್ಲ."

ನಿಮಗೇನು ಆಸೆ ಎಂದು ಕೇಳಿದರೆ, ಮೆತ್ತೆ ಸುತ್ತಿ ತಂದಿದ್ದ ಹಳೆ ಸೀರೆಯನ್ನು ಮಡಚುತ್ತ ಹೇಳುತ್ತಾರೆ:

"ಮಾಡಿ ಮಾರೋರೆಲ್ಲ ತಮ್ಮ ಮಾಲು ಭಾಳ ದಿನ ಬಾಳಕಿ ಬರಲಿ ಅಂತಾರ್ರಿ. ಈ ಮೆತ್ತಿಗೆ ನಾ ಹಂಗ ಅನ್ನಂಗಿಲ್ಲ. ಆಕಿ ದಿನಾ ಸುತ್ತಿದ್ರ ಮೊಣಕೈ ಊರೂ ಕಡೆ ಅರಿವಿ ಸವೀತೈತಿ. ಜಲ್ದಿ ಸವೀಲಿ. ಹರದ ಹೋಗಲಿ. ಇನ್ನೊಂದು ಹೊಲದು ಕೊಡತೀನಿ."