ಮುಂಚೆಯೇ ತಿರುಗುವ ಕೈ

ನದಿಗೆ ಸೇತುವೆ ಬಂದದ್ದೇ ಬಂದದ್ದು, ಬಾರ್ಜ್ ನಡೆಸುತ್ತಿದ್ದವನ ಹೊಟ್ಟೆಪಾಡಿಗೆ ಕುತ್ತು ಬಂತು. ಸಿಮೆಂಟ್ ಮೂಟೆ ತುಂಬಿದ ಆ ಅಗಲ ದೋಣಿಯನ್ನು ಈ ದಡದಿಂದ ಆ ದಡಕ್ಕೆ ದಾಟಿಸುತ್ತಲೇ ತಲೆ ನರೆತಿತ್ತು. ಮಾಲೀಕ ಬಾರ್ಜನ್ನು ಗುಜರಿಗೆ ಹಾಕಿ ವ್ಯಾನ್ ಕೊಂಡ.

"ಈ ತಿಂಗಳೊಳಗೆ ಲೈಸೆನ್ಸ್ ತಗೊಂಡು ಬಾ, ಕೆಲಸ ನಿಂದೇ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ," ಎಂದ.

ಕಲಿಸಲು ಹೆಂಡತಿ ಇದ್ದಳು, ಓಡಿಸಲು ಅವಳ ತಮ್ಮನ ಹಳೇ ಕಾರಿತ್ತು. ಅವಳು ಶಾಲೆಯ ವ್ಯಾನ್ ಓಡಿಸುವವಳು. ದಿನವಿಡೀ ಮಕ್ಕಳ ಗಲಾಟೆ ಸಹಿಸಿದವಳಿಗೆ ಗಂಡನನ್ನು ಸಹಿಸುವ ತಾಳ್ಮೆ ಎಷ್ಟು ಉಳಿದೀತು?

"ರೀ, ತಿರುವು ಇನ್ನೂ ಅಷ್ಟು ದೂರ ಇದೆ! ಈಗ್ಲೇ ಯಾಕೆ ತಿರುಗಿಸ್ತೀರಿ?"

"ಈಗ ತಿರುಗಿಸಿದ್ರೆ ತಾನೆ ಅಲ್ಲಿಗೆ ಹೋಗೋ ಹೊತ್ತಿಗೆ ತಿರುಗೋದು?"

"ಇದು ನಿಮ್ಮ ಬಾರ್ಜ್ ಅಲ್ಲ ಕಣ್ರೀ!"

ಅದು ಅವನಿಗೂ ಗೊತ್ತಿತ್ತು, ಕೈಗೆ ಗೊತ್ತಾಗಬೇಕಲ್ಲ. ತುಂಬಿದ ಬಾರ್ಜಿನ ಚುಕ್ಕಾಣಿ ತಿರುಗಿಸಿದರೆ ಮೊದಲು ಏನೂ ಆಗುವುದಿಲ್ಲ. ಒಮ್ಮೆ ಆಕಳಿಸಿ ಮುಗಿಸುವಷ್ಟರಲ್ಲಿ ಮೂತಿ ಮೆಲ್ಲಗೆ ಹೊರಳುತ್ತದೆ. ಹೊರಳತೊಡಗಿದರೆ ನಿಲ್ಲುವುದಿಲ್ಲ, ಅಷ್ಟರೊಳಗೇ ಎದುರು ದಿಕ್ಕಿಗೆ ಹಿಡಿದಿರಬೇಕು. ಈ ಹಾಳು ಕಾರು ಹಾಗಲ್ಲ, ಸ್ಟೀರಿಂಗ್ ಮುಟ್ಟುವುದೇ ತಡ, ಪಕ್ಕಕ್ಕೆ ಹಾರುತ್ತದೆ. ಗಾಬರಿಯಿಂದ ಎದುರಿಗೆ ಎಳೆದರೆ ಆ ಕಡೆಗೆ ಹಾರುತ್ತದೆ.

ಮೊದಲ ಪರೀಕ್ಷೆಯಲ್ಲಿ ಫುಟ್‌ಪಾತ್ ಹತ್ತಿಸಿದ. ಎರಡನೆಯದು ತಿಂಗಳ ಕೊನೆಯ ದಿನ. ಅಂದು ಹಲ್ಲು ಕಚ್ಚಿ, ಕೈ ಬಿಗಿಹಿಡಿದು, ತಿರುವುಗಳನ್ನೆಲ್ಲ ಗೆದ್ದ. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್, "ಆ ದೀಪದ ಕಂಬದ ಹತ್ರ ನಿಲ್ಸಿ," ಎಂದರು. ನಿಲ್ಲಿಸು ಎಂದದ್ದೇ ತಡ, ಕಾಲು ಬ್ರೇಕ್ ಒತ್ತಿಬಿಟ್ಟಿತು. ಕಂಬ ಇನ್ನೂ ಎಲ್ಲೋ ಇತ್ತು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು; ಹಿಂದಿನವರೆಲ್ಲ ಹಾರ್ನ್ ಬಾರಿಸಿದರು.

"ಇಲ್ಯಾಕ್ರೀ ನಿಲ್ಸಿದ್ರಿ?"

"ಈಗ್ಲಿಂದ ಹಿಡಿದ್ರೆ ಅಲ್ಲಿ ನಿಲ್ಲುತ್ತೆ ಅಂತ, ಸಾರ್..."

ಇನ್‌ಸ್ಪೆಕ್ಟರ್ ಅಡ್ಡಡ್ಡ ತಲೆಯಾಡಿಸಿ ಇಳಿದುಹೋದರು.

ಮನೆಗೆ ಹೆಂಡತಿಯೇ ಓಡಿಸಿದಳು. ಅವನು ದಾರಿಯುದ್ದಕ್ಕೂ ಕುದಿಯುತ್ತಿದ್ದ. "ಇಷ್ಟು ವರ್ಷದಲ್ಲಿ ಒಂದು ಸಲಾನೂ ದಡಕ್ಕೆ ಗುದ್ದಿಸಿದವನಲ್ಲ ನಾನು! ಈಗ ಈ ಕೈ ಯಾರಿಗೆ ಬೇಕು?"

"ಮುಂದಿನ ತಿಂಗಳು ಮತ್ತೆ ಬರೋಣ ಬಿಡಿ."

"ಅಲ್ಲೀವರೆಗೆ ಕೆಲಸ ಕಾದಿರುತ್ತಾ?"

ಮುಂದೆ ದೂರದಲ್ಲಿ ತಿರುವು ಕಂಡಿತು. ಅವಳ ಕೈ ಸ್ಟೀರಿಂಗ್ ಮೇಲೆ ಇನ್ನೂ ನೆಟ್ಟಗಿತ್ತು. ಅವನ ಮಡಿಲಲ್ಲಿದ್ದ ಖಾಲಿ ಕೈಗಳು ಆಗಲೇ ಬಲಕ್ಕೆ ತಿರುಗಿದ್ದವು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅಳು ಬರುವಷ್ಟು ಸಿಟ್ಟು ಬಂತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು, ಮನೆ ಬರುವವರೆಗೂ ಅವುಗಳ ಮೇಲೆಯೇ ಕುಳಿತಿದ್ದ.